ನೀರು ನೋಡುವ ಬಲಗೈ

ನನ್ನ ಬಲಗೈ ಒಂದು ಸಲ ಅದುರಿದರೆ ಸಾಕು, ಪಾವಗಡದ ನೆಲದಡಿ ಸಾವಿರದಿನ್ನೂರು ಅಡಿ ಕೆಳಗೆ ಮಲಗಿದ್ದ ನೀರು ದಡಬಡಿಸಿ ಎದ್ದು, ಸೆರಗು ಸರಿಮಾಡಿಕೊಂಡು, "ಕರೆದ್ರಾ ತಿಮ್ಮರಾಯಪ್ಪನೋರೇ?" ಎಂದು ಕೇಳುತ್ತಿತ್ತು. ನಂಬದವರು ನಂಬಬೇಡಿ. ಇದೇ ಕೈಯಲ್ಲಿ ನಾನು ಮಧುಗಿರಿ ಬೆಟ್ಟವನ್ನು ಒಂದು ಭಾನುವಾರ ಕಿತ್ತುಕೊಂಡು ಹೋಗಿ ಶಿರಾದ ಬಸ್‌ಸ್ಟ್ಯಾಂಡಿನಲ್ಲಿ ಇಟ್ಟಿದ್ದೆ. ಬಸ್ಸು ತಿರುಗಿಸಲು ಜಾಗ ಸಾಲದೆಂದು ಡ್ರೈವರುಗಳು ಗಲಾಟೆ ಮಾಡಿದ್ದಕ್ಕೆ ಸಂಜೆಯೊಳಗೆ ವಾಪಸು ತಂದಿಟ್ಟೆ. ಕೋಟೆಯ ಒಂದು ಕಲ್ಲೂ ಅಲುಗಿರಲಿಲ್ಲ. ಬೇಕಾದರೆ ಹೋಗಿ ನೋಡಿ, ಇದ್ದಲ್ಲೇ ಇದೆ.

ಇಂಥ ಕೈಗೆ ಲಕ್ವ ಹೊಡೆಯಿತು ಎಂದರೆ ಲಕ್ವಕ್ಕೆ ಎಷ್ಟು ಧೈರ್ಯ ಇರಬೇಕು! ಎದುರಿಗೆ ಬರುವ ತಾಕತ್ತು ಅದಕ್ಕಿರಲಿಲ್ಲ. ನಾನು ಬೆಳಿಗ್ಗೆ ಬೇವಿನಕಡ್ಡಿ ಬಾಯಲ್ಲಿಟ್ಟುಕೊಂಡು ನಿಂತಿದ್ದಾಗ ಮಿದುಳಿನ ಎಡಗಡೆ ಹಿಂಬಾಗಿಲಿನಿಂದ ಕಳ್ಳನ ಹಾಗೆ ನುಗ್ಗಿತು. ಬಲಗಾಲು ಸೋತಿತು, ಬಲಗೈ ಒಣಗಿದ ಹಲಸಂದೆ ಬಳ್ಳಿಯ ಹಾಗೆ ಜೋತುಬಿತ್ತು. ಮಾತು ಮೂರು ದಿನ ನಿಂತುಹೋಯಿತು. ಆ ಮೂರು ದಿನ ಊರಿನಲ್ಲಿ ಎಂಥ ನಿಶ್ಶಬ್ದ ಎಂದರೆ ಕೋಳಿಗಳು ಬೆಳಗಾಗಿದ್ದು ತಿಳಿಯದೆ ಮಧ್ಯಾಹ್ನ ಕೂಗಿದವು. ನಾಲ್ಕನೆಯ ದಿನ ನಾನು ಬಾಯಿಬಿಟ್ಟು ಆಡಿದ ಮೊದಲ ಮಾತು, "ಕಾಫಿಗೆ ಸಕ್ಕರೆ ಕಮ್ಮಿ." ನನ್ನ ಹೆಂಡತಿ ಹನುಮಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಬಂತಲ್ಲಪ್ಪ ಮತ್ತೆ" ಎಂದಳು. ಸಂತೋಷಕ್ಕೆ ಅಂದಳೋ ಸಂಕಟಕ್ಕೆ ಅಂದಳೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಮಧುಗಿರಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಅನುಪಮಾ ಎಂಬ ಅಮ್ಮ ನನ್ನ ತಲೆಯ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. "ಇಷ್ಟು ಭಾಗಕ್ಕೆ ರಕ್ತ ಹೋಗದೆ ಸತ್ತಿದೆ. ಇಂಥ ಗಾಯ ಮಾಗಿದ ಮೇಲೆ ಕೆಲವರಿಗೆ ಅಲ್ಲಿಂದ ಫಿಟ್ಸ್ ಏಳುತ್ತೆ. ಎಲ್ಲರಿಗೂ ಅಲ್ಲ. ಫಿಟ್ಸ್ ಬರೋಕೆ ಮೊದಲೇ ಮಾತ್ರೆ ಕೊಟ್ಟರೆ ತಡೀಬಹುದಾ, ಇಲ್ಲಾ ಸುಮ್ಮನೆ ಮಾತ್ರೆ ನುಂಗಿಸಿದ ಹಾಗಾಗುತ್ತಾ, ಅದನ್ನ ತಿಳ್ಕೊಳ್ಳೋಕೆ ಒಂದು ಸಂಶೋಧನೆ ಮಾಡ್ತಿದ್ದೀವಿ. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ನೋಡೋಕೆ ಅದೇ ಥರ ಇರೋ, ಔಷಧಿ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ. ಸೇರಲೇಬೇಕು ಅಂತಿಲ್ಲ. ಸೇರಿದ ಮೇಲೂ ಯಾವಾಗ ಬೇಕಾದರೂ ಬಿಡಬಹುದು. ಆದರೆ ಇರೋವರೆಗೂ ನಿಜ ಹೇಳಬೇಕು."

"ನಿಜಾನಾ?" ಎಂದೆ. "ನಮ್ಮ ಮನೇಲಿ ಅದು ಬಿಟ್ಟು ಬೇರೇನೂ ಬೆಳೆಯೋದೇ ಇಲ್ಲ ಕಣಮ್ಮ."

ಹನುಮಕ್ಕ ಕೆಮ್ಮಿದಳು. ಎಡಗೈಯಲ್ಲಿ ಸೊಟ್ಟಗೆ ರುಜು ಹಾಕಿದೆ. ನನ್ನಂಥವನ ಮಿದುಳು ಸಿಕ್ಕಿದ್ದು ಸಂಶೋಧನೆಯ ಪುಣ್ಯ ಎಂದು ಡಾಕ್ಟರಿಗೆ ಹೇಳಿಯೂ ಬಂದೆ.

ಅವತ್ತಿನಿಂದ ನಾಲ್ಕು ವಾರಕ್ಕೊಮ್ಮೆ ಭವ್ಯ ಎಂಬ ಹುಡುಗಿ ಸ್ಕೂಟರಿನಲ್ಲಿ ನಮ್ಮ ಜಗಲಿಗೆ ಬರತೊಡಗಿದಳು. ತೋವಿನಕೆರೆ ಕಡೆಯವಳು, ಸಂಶೋಧನೆಯ ಕೆಲಸಕ್ಕಿದ್ದವಳು. ಹಳೇ ಬಾಟಲಿ ಇಸಕೊಂಡು ಹೊಸ ಬಾಟಲಿ ಕೊಡುತ್ತಿದ್ದಳು. ನನಗೊಂದು ಡೈರಿಯನ್ನೂ ಕೊಟ್ಟಿದ್ದಳು. ಕೈಕಾಲು ತಾನಾಗಿ ಅದುರಿತಾ, ಮುಖ ಎಳೆಯಿತಾ, ಎಚ್ಚರ ತಪ್ಪಿತಾ, ಎಲ್ಲವನ್ನೂ ತಾರೀಕು ಹಾಕಿ ಅದರಲ್ಲಿ ಬರೆಯಬೇಕು.

"ಹೆಂಗಿದ್ದೀರಿ ತಾತ?"

"ತಾತ ಅನ್ಬೇಡ ಕಣಮ್ಮ. ನನಗಿನ್ನೂ ಅರವತ್ತೊಂದು. ನಮ್ಮ ವಂಶದಲ್ಲಿ ನೂರಾಹತ್ತಕ್ಕೆ ಮೀಸೆ ಬರೋದು."

ಮೊದಲ ತಿಂಗಳು ಹೊತ್ತುಹೊತ್ತಿಗೆ ನುಂಗಿದೆ. ಏನೂ ಆಗಲಿಲ್ಲ. ಕಾಲು ಸ್ವಲ್ಪ ಸುಧಾರಿಸಿತು, ಕೋಲು ಹಿಡಿದು ನಡೆದೆ. ಕೈ ಮಾತ್ರ ಸತ್ತಂತೆಯೇ ಇತ್ತು. ಅದನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಬೇರೆ ಯಾರದೋ ಕೈಯನ್ನು ನನ್ನ ಹತ್ತಿರ ಇಟ್ಟು ಮರೆತುಹೋದ ಹಾಗಿತ್ತು.

ನನ್ನ ಕಸುಬು ನಿಮಗೆ ಹೇಳಲೇ ಇಲ್ಲ. ನಾನು ನೀರು ನೋಡುವವನು. ಜುಟ್ಟಿರುವ ತೆಂಗಿನಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತೇನೆ. ನೀರಿರುವ ಕಡೆ ಕಾಯಿ ಎದ್ದು ನಿಲ್ಲುತ್ತದೆ, ಅಲ್ಲಿ ಬೋರ್ ಕೊರೆಸುತ್ತಾರೆ. ಮೂವತ್ತು ವರ್ಷದಿಂದ ಮಾಡುತ್ತಿದ್ದೆ. ನಮ್ಮೂರ ಬೊಮ್ಮಪ್ಪನೂ ಬೇವಿನ ಕವೆಕಡ್ಡಿ ಹಿಡಿದು ಅದೇ ಕೆಲಸ ಮಾಡುತ್ತಾನೆ. ಲಕ್ವ ಹೊಡೆದ ಮೇಲೆ ಅವನು ನನ್ನ ಮನೆಮುಂದೆ ಹಾಯುವಾಗೆಲ್ಲ, "ಏನ್ಲಾ ತಿಮ್ಮ, ಗಂಗಮ್ಮ ರಿಟೈರ್ ಮಾಡ್ಬುಟ್ಳಾ?" ಎಂದು ಕೂಗಿಕೊಂಡೇ ಹೋಗುತ್ತಿದ್ದ.

ಎರಡನೆಯ ತಿಂಗಳು ಕೊರಟಗೆರೆಯಲ್ಲಿ ನೆಂಟರ ಮದುವೆ. ಬಾಟಲಿಯನ್ನು ಮನೆಯಲ್ಲೇ ಮರೆತು ಐದು ದಿನ ಅಲ್ಲಿದ್ದೆ. ಮದುವೆಮನೆಯಲ್ಲಿ ಯಾರೋ ತಾಂಬೂಲದ ಕಾಯಿಯನ್ನು ತಂದು ನನ್ನ ಬಲಗೈ ಮೇಲೆ ಇಟ್ಟುಹೋದರು. ನೋಡನೋಡುತ್ತಿದ್ದಂತೆ ಹೆಬ್ಬೆಟ್ಟು ಮಿಡಿಯಿತು. ಆಮೇಲೆ ಬೆರಳುಗಳು ಟಕಟಕ ಎಂದವು. ಕಾಯಿ ಎದ್ದು ನಿಂತು ಕುಣಿಯಿತು! ನಾನು ಕುಣಿಸಲಿಲ್ಲ, ದೇವರಾಣೆ. ಎರಡು ತಿಂಗಳಿಂದ ಹೆಣವಾಗಿದ್ದ ಕೈ ತಾನಾಗಿ ಎದ್ದು ಕುಣಿಯಿತು. ಅರ್ಧ ನಿಮಿಷ ಇದ್ದಿರಬೇಕು. ಅಷ್ಟರಲ್ಲಿ ನಾದಸ್ವರದವರು ಊದುವುದು ಬಿಟ್ಟರು, ಮದುಮಗ ತಾಳಿ ಕಟ್ಟುವುದು ಬಿಟ್ಟು ನನ್ನ ಕಾಲಿಗೆ ಬಿದ್ದ. ಆಯಿತು, ಮದುಮಗ ಬೀಳಲಿಲ್ಲ, ಅವನ ಸೋದರಮಾವ ಬಗ್ಗಿ ನೋಡಿದ. ಆದರೂ ಸುದ್ದಿ ಹಬ್ಬಿತು.

ನಾನು ಲೆಕ್ಕ ಹಾಕಿದೆ. ಮಾತ್ರೆ ನುಂಗಿದಾಗ ಕೈ ಸತ್ತಿತ್ತು, ಬಿಟ್ಟಾಗ ಎದ್ದಿತು. ಹಾಗಾದರೆ ಮಾತ್ರೆಯೇ ನನ್ನ ಗಂಗಮ್ಮನ ಕತ್ತು ಹಿಸುಕುತ್ತಿದೆ! ಡಾಕ್ಟರಿಗೇ ಗೊತ್ತಿಲ್ಲದ್ದು ನನಗೆ ಐದು ದಿನದಲ್ಲಿ ಗೊತ್ತಾಯಿತು, ನನ್ನ ಬಾಟಲಿಯಲ್ಲಿ ಇರುವುದು ನಿಜವಾದ ಮಾತ್ರೆ.

ಅವತ್ತಿನಿಂದ ನಾನು ನುಂಗುವುದನ್ನು ಬಿಟ್ಟೆ. ಆದರೆ ಬಾಟಲಿ ಲೆಕ್ಕ ತಪ್ಪಬಾರದಲ್ಲ? ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆಯನ್ನು ಹಿತ್ತಲಿನ ತಿಪ್ಪೆಗೆ ಎಸೆಯುತ್ತಿದ್ದೆ. ಒಂದು ಹೊತ್ತೂ ತಪ್ಪಿಸಲಿಲ್ಲ. ತಿಪ್ಪೆ ನನಗಿಂತ ಶಿಸ್ತಿನ ರೋಗಿಯಾಗಿತ್ತು. ಅದನ್ನು ಕೆದಕುತ್ತಿದ್ದ ಕೋಳಿಗಳಲ್ಲಿ ಆ ವರ್ಷ ಒಂದಕ್ಕೂ ಫಿಟ್ಸ್ ಬರಲಿಲ್ಲ, ಇದನ್ನೂ ಡಾಕ್ಟರು ಬರೆದುಕೊಳ್ಳಬೇಕಿತ್ತು.

ಆಮೇಲೆ ನೋಡಿ ನನ್ನ ಮೆರೆದಾಟ! ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ, ನಾಲ್ಕೂ ತಾಲ್ಲೂಕಿನಿಂದ ಜನ ಬಂದರು. ನಾಗಲಮಡಿಕೆ ಕಡೆಯ ಒಬ್ಬ ಮುದುಕಪ್ಪ ಬಂದು ನನ್ನ ಬಲಗೈಯನ್ನು ಕಣ್ಣಿಗೊತ್ತಿಕೊಂಡು, "ಏಮಯ್ಯಾ, ಗಂಗಮ್ಮ ತಲ್ಲಿ ನೀ ಚೇತುಲೋನೇ ಉಂದಂಟ ಕದಾ!" ಎಂದ. ತಾಯಿ ಗಂಗಮ್ಮ ಕೈಯೊಳಗೇ ಇದ್ದಾಳಂತೆ! "ಕೈಲಿ ಬಾಡಿಗೆಗವಳೆ ಯಜಮಾನ್ರೆ, ಸ್ವಂತ ಮನೆ ಎದೇಲಿ" ಎಂದೆ. ಬೊಮ್ಮಪ್ಪ ಕವೆಕಡ್ಡಿಯನ್ನು ಒಲೆಗೆ ಹಾಕಿದ. ನಾನು ಕಣ್ಣಾರೆ ನೋಡಲಿಲ್ಲ, ಹಾಕಿರಬೇಕು.

ಭವ್ಯ ಬಂದಾಗ ಡೈರಿ ತೋರಿಸುತ್ತಿದ್ದೆ. ಎಲ್ಲಾ ದಿನಕ್ಕೂ "ಇಲ್ಲ, ಇಲ್ಲ, ಇಲ್ಲ."

"ಕೈ ಒಂದ್ಸಲಾನೂ ಅದುರಿಲ್ವಾ?"

"ಅದುರೋದಾ? ಬಂಡೆ ಕಣಮ್ಮ, ಬಂಡೆ!"

ಸುಳ್ಳು ಎನ್ನುತ್ತೀರಾ? ನನ್ನ ಪಾಲಿಗೆ ಅದು ಅದುರು ಅಲ್ಲ, ವಿದ್ಯೆ. ನಮ್ಮ ಕಡೆ ಫಿಟ್ಸ್ ಇದೆ ಎಂದರೆ ಏನು ಗತಿ ಗೊತ್ತಲ್ಲ? ಒಲೆ ಹತ್ತಿರ ಬಿಡುವುದಿಲ್ಲ, ಬಾವಿ ಹತ್ತಿರ ಬಿಡುವುದಿಲ್ಲ, ಹಿಂದುಗಡೆ ಮೂಸಿಸಲು ಒಬ್ಬ ಚಪ್ಪಲಿ ಹಿಡಿದು, ಕೈಗೆ ತುರುಕಲು ಇನ್ನೊಬ್ಬ ಕಬ್ಬಿಣ ಹಿಡಿದು ಕಾಯುತ್ತಿರುತ್ತಾರೆ. ಬಾವಿ ಹತ್ತಿರ ಬಿಡದಿದ್ದರೆ ನೀರು ನೋಡುವವನು ಏನನ್ನು ನೋಡಬೇಕು? ಮಿದುಳಿನ ಒಂದು ತುಂಡನ್ನು ಲಕ್ವಕ್ಕೆ ಕೊಟ್ಟಿದ್ದೆ. ಹೆಸರನ್ನೂ ಕೊಡುವುದಿಲ್ಲ ಎಂದು ಹಟ ಹಿಡಿದೆ.

ಹನುಮಕ್ಕ ಮಾತ್ರ ಬಗ್ಗಲಿಲ್ಲ. ಒಂದು ದಿನ ಊಟಕ್ಕೆ ಕೂತಿದ್ದಾಗ ಕೈ ಎದ್ದು, ತಟ್ಟೆಯ ಅಂಚಿಗೆ ಬಡಿದು ಸಾರೆಲ್ಲ ನೆಲದ ಪಾಲಾಯಿತು.

"ಇದೇನಯ್ಯಾ, ತಟ್ಟೇಲೂ ನೀರು ಸಿಕ್ತಾ?" ಎಂದಳು.

"ಮನೆ ಕೆಳಗಡೆ ಸೆಲೆ ಐತೆ ಕಣೆ. ಅದ್ಕೇ."

"ಅಂಗಾದ್ರೆ ನಾಳೇನೇ ಅಡುಗೆಮನೇಲಿ ಬೋರ್ ಹಾಕ್ಸು. ಮೊನ್ನೆ ಬಸ್ಸಲ್ಲಿ ಸೀಟಿನ ಮೇಲೆ ಕೈ ಕುಣೀತಲ್ಲ, ಬಸ್ಸಿನ ಟೈರಲ್ಲೂ ಸೆಲೆ ಇತ್ತಾ? ಡಾಕ್ಟರಮ್ಮ ಏನಂದ್ರು? ನಿಜ ಹೇಳು ಅಂದ್ರು."

"ನಿಂಗೇನ್ ಗೊತ್ತು ವಿದ್ಯೆ!"

"ವಿದ್ಯೆ ಗೊತ್ತಿಲ್ಲ, ನೆಲ ಒರೆಸೋದು ಗೊತ್ತು" ಎಂದು ಬಟ್ಟೆ ತಂದಳು. ಒರೆಸುತ್ತಾ ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಅದನ್ನು ಪಂಚೆಯೊಳಗೆ ಮುಚ್ಚಿಟ್ಟುಕೊಂಡೆ.

ಹೀಗಿರುವಾಗ ಹುಲಿಕುಂಟೆಯ ಚನ್ನಮಲ್ಲಮ್ಮ ಹೇಳಿಕಳಿಸಿದಳು. ಗಂಡ ಇಲ್ಲದ ಹೆಂಗಸು, ಎರಡೆಕರೆ ಹೊಲ, ನಲವತ್ತು ಕುರಿ. ಕನಕಾಂಬರ ಹಾಕಬೇಕೆಂದು ಆಸೆ ಅವಳಿಗೆ. ಬೋರ್ ಲಾರಿಯವನು ಶಿರಾಕ್ಕೆ ಬಂದಿದ್ದ. ಅವನು ಮುಂದಿನೂರಿಗೆ ಹೋಗುವುದರೊಳಗೆ ಕೊರೆಸಬೇಕು, ಅದೂ ಒಂದೇ ಒಂದು ಜಾಗಕ್ಕಾಗುವಷ್ಟು ದುಡ್ಡು ಅವಳಲ್ಲಿತ್ತು. ಎರಡನೆಯದಕ್ಕಿರಲಿಲ್ಲ. "ತಿಮ್ಮರಾಯಣ್ಣ, ನೀನು ಕಲ್ಲು ನೆಟ್ಟ ಕಡೆ ನಾನು ಕಣ್ಮುಚ್ಕೊಂಡು ಕೊರೆಸ್ತೀನಿ" ಎಂದಳು.

ಮಧ್ಯಾಹ್ನದ ಬಿಸಿಲು. ಹೊಲದ ಬದುವಿನ ಮೇಲೆ ಊರೇ ಸೇರಿತ್ತು. ಹತ್ತು ಸಾವಿರ ಜನ. ಸರಿ, ನಲವತ್ತು ಜನ, ಕುರಿಗಳನ್ನು ಸೇರಿಸಿದರೆ ಎಂಬತ್ತು. ಕೋಲನ್ನು ಬದುವಿನ ಮೇಲೆ ಬಿಟ್ಟು, ಕಾಯಿ ಇಟ್ಟ ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿದು ಮೂರು ಸುತ್ತು ಕುಂಟುತ್ತಾ ನಡೆದೆ. ಕೈ ಮಿಸುಕಲಿಲ್ಲ. ಜನ ಗುಸುಗುಸು ಎಂದರು. ನಾಲ್ಕನೆಯ ಸುತ್ತಿಗೆ ಹೆಬ್ಬೆಟ್ಟು ಮಿಡಿಯಿತು. ಕಾಯಿ ಎದ್ದಿತು. "ಬಂದ್ಳು!" ಎಂದು ಯಾರೋ ಕೂಗಿದರು. ಯಾವಾಗಲೂ ಮಣಿಕಟ್ಟಿಗೆ ನಿಲ್ಲುತ್ತಿದ್ದ ಅದುರು ಅವತ್ತು ನಿಲ್ಲಲಿಲ್ಲ. ಮೊಣಕೈಗೆ ಹತ್ತಿತು. ಭುಜಕ್ಕೆ ಹತ್ತಿತು. ಸಾಕು ಎಂದು ಹೇಳಲು ನೋಡಿದೆ, ಬಾಯಿ ನನ್ನದಾಗಿರಲಿಲ್ಲ. ಕೊನೆಗೆ ಕಂಡಿದ್ದು, ಕಾಯಿ ಉರುಳಿ ಹೋಗುತ್ತಿದ್ದದ್ದು.

ಕಣ್ಣುಬಿಟ್ಟಾಗ ಎಡಗೈಯಲ್ಲಿ ಕುಡುಗೋಲಿನ ಹಿಡಿ, ಹಣೆಯಲ್ಲಿ ಅಂಗೈಯಗಲ ಕುಂಕುಮ, ಮೂಗಿನ ಮುಂದೆ ಕರ್ಪೂರ. ನಾಲಿಗೆ ಕಚ್ಚಿಕೊಂಡು ಬಾಯಿತುಂಬ ರಕ್ತ. ಆಸ್ಪತ್ರೆ ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ. ನನ್ನ ತಲೆ ಬಿದ್ದಿದ್ದ ಜಾಗಕ್ಕೆ ಅರಿಶಿನ ಬಳಿದ ಕಲ್ಲು ನೆಟ್ಟಾಗಿತ್ತು. ಚನ್ನಮಲ್ಲಮ್ಮ ನನ್ನ ಕಾಲು ಹಿಡಿದು ಅಳುತ್ತಿದ್ದಳು. "ತಾಯೀ, ಕೈ ಬಿಟ್ಟು ಮೈ ಮೇಲೇ ಬಂದ್ಬುಟ್ಯಾ!"

ಯಾರೋ ನನ್ನ ಪಂಚೆ ನೋಡಿ, "ಪಂಚೆ ಒದ್ದೆ ಆಗೈತೆ" ಎಂದರು.

"ಗಂಗಮ್ಮ ಮೈಮೇಲೆ ಬಂದ ಮೇಲೆ ಪಂಚೆ ಒಣಗಿರ್ತದೇನ್ಲಾ?" ಎಂದೆ. ನಾಲಿಗೆ ದಪ್ಪಗಾಗಿ ಮಾತು ತೊದಲುತ್ತಿತ್ತು. ಆದರೂ ಎಂದೆ! ಜನ ಆ ಪಂಚೆಗೂ ಕೈಮುಗಿದರು.

ಮಾರನೆಯ ಬೆಳಿಗ್ಗೆ ಮೈಯೆಲ್ಲ ಒನಕೆಯಲ್ಲಿ ಕುಟ್ಟಿದ ಹಾಗಿತ್ತು. ಭವ್ಯ ಬರುವ ದಿನ ಅದು. ಊರೂರು ತಿರುಗುವ ಗಡಿಬಿಡಿಯಲ್ಲಿ ಆ ತಿಂಗಳು ತಿಪ್ಪೆಗೆ ಹೊತ್ತುಹೊತ್ತಿಗೆ ಮಾತ್ರೆ ಹಾಕುವುದೂ ತಪ್ಪಿತ್ತು. ಬಾಟಲಿ ಅಲ್ಲಾಡಿಸಿದರೆ ಗಲಗಲ ಎನ್ನುತ್ತದೆ. ಇದ್ದಬದ್ದದ್ದನ್ನೆಲ್ಲ ಒಟ್ಟಿಗೆ ತಿಪ್ಪೆಗೆ ಸುರಿದು, ಖಾಲಿ ಬಾಟಲಿ ಹಿಡಿದು ಜಗಲಿಯ ಮೇಲೆ ರಾಜನ ಹಾಗೆ ಕೂತೆ.

ಭವ್ಯ ಸ್ಕೂಟರ್ ನಿಲ್ಲಿಸಿದಳು. ಅವಳ ಹಿಂದೆಯೇ ಆಟೋ ಇಳಿದು ಚನ್ನಮಲ್ಲಮ್ಮ ಬಂದಳು, ಕೈಯಲ್ಲಿ ಹಣ್ಣಿನ ತಟ್ಟೆ. ಲಾರಿ ಕೊರೆಯುವುದಕ್ಕೆ ಮೊದಲು ನೀರು ನೋಡಿದವನೇ ಬಂದು ಕಾಯಿ ಒಡೆಯಬೇಕು, ಅದು ನಮ್ಮ ಕಡೆಯ ಪದ್ಧತಿ. ನನ್ನನ್ನು ಕರೆದೊಯ್ಯಲು ಬಂದಿದ್ದಳು.

"ಬಾಟಲಿ ಕೊಡಿ ತಾತ."

"ತಗೋ. ಒಂದೂ ಬಿಟ್ಟಿಲ್ಲ. ನನ್ನಷ್ಟು ನಿಯತ್ತಾಗಿ ಮಾತ್ರೆ ನುಂಗಿರೋನು ನಾಲ್ಕು ತಾಲ್ಲೂಕಲ್ಲಿ ಇದ್ರೆ ತೋರ್ಸು."

ಭವ್ಯ ಬಾಟಲಿಯನ್ನು ತಲೆಕೆಳಗು ಮಾಡಿದಳು. ನನ್ನ ಮುಖ ನೋಡಿದಳು.

"ನಾನು ಅರವತ್ತು ಕೊಟ್ಟಿದ್ದೆ ತಾತ. ದಿನಕ್ಕೆರಡು, ಇಪ್ಪತ್ತೆಂಟು ದಿನಕ್ಕೆ ಐವತ್ತಾರು. ನಾಲ್ಕು ಉಳೀಬೇಕು. ಪ್ರತಿ ಸಲ ನೀವೇ ವಾಪಸ್ ಕೊಡ್ತಿದ್ರಲ್ಲ?"

"ಹಂಗಾ... ನಾಲ್ಕು ಜಾಸ್ತಿ ನುಂಗ್ಬುಟ್ಟೆ. ಪ್ರೀತಿಗೆ."

ಬಾಗಿಲಲ್ಲಿ ನಿಂತಿದ್ದ ಹನುಮಕ್ಕ ನಗಲಿಲ್ಲ. ಭವ್ಯ ಡೈರಿ ತೆರೆದಳು. "ಅದುರು ಬಂದಿಲ್ಲ. ಬಿದ್ದಿಲ್ಲ. ನಾಲಿಗೆ ಯಾಕೆ ಹಂಗಾಗಿದೆ?"

"ಅಯ್ಯೋ, ನಿನಗೆ ಗೊತ್ತಿಲ್ವಾ ಮಗಾ?" ಎಂದಳು ಚನ್ನಮಲ್ಲಮ್ಮ, ನನ್ನ ಹಿರಿಮೆಯನ್ನು ನನಗಿಂತ ಚೆನ್ನಾಗಿ ಹೇಳುವ ಹುಮ್ಮಸ್ಸಿನಲ್ಲಿ. "ಇಷ್ಟು ದಿನ ಬರೀ ಕೈಲಿ ಕುಣೀತಿದ್ದ ಗಂಗಮ್ಮ ನೆನ್ನೆ ನಮ್ಮ ಹೊಲದಲ್ಲಿ ಇವರ ಮೈ ಮೇಲೇ ಬಂದಿದ್ಲು!"

ಭವ್ಯ ನಿಧಾನಕ್ಕೆ ಪೆನ್ನು ತೆಗೆದಳು. "ಹೌದಾ ಅಮ್ಮ? ಮೊದಲು ಎಲ್ಲಿಗೆ ಬಂದ್ಲು?"

"ಹೆಬ್ಬೆಟ್ಟಿಗೆ. ಆಮೇಲೆ ಮಣಿಕಟ್ಟು, ಮೊಣಕೈ, ಭುಜ. ಮೆಟ್ಲು ಹತ್ದಂಗೆ ಬಂದ್ಲು ಕಣಮ್ಮ. ಬಾಯಿ ಬಲಗಡೆ ಎಳೀತು, ಕಣ್ಣು ಮೇಲಕ್ಕೆ ಹೋಯ್ತು. ಬಿದ್ದು ಕೈಕಾಲೆಲ್ಲಾ ಒದರಿದ್ರು."

"ಎಷ್ಟೊತ್ತು?"

"ಎರಡು ಬಿಲ್ಲೆ ಕರ್ಪೂರ ಉರಿಯೋಗಂಟ."

"ಡಾಕ್ಟರು ಕೇಳಿದ್ರೂ ಇಷ್ಟು ಚೆನ್ನಾಗಿ ಯಾರೂ ಹೇಳಲ್ಲಮ್ಮ" ಎಂದು ಭವ್ಯ ಪೆನ್ನಿನ ಮುಚ್ಚಳ ಹಾಕಿದಳು. "ಇದು ಫಿಟ್ಸ್, ತಾತ. ಕೈ ಕುಣಿಯುತ್ತಿದ್ದಿದ್ದೂ ಫಿಟ್ಸೇ, ಚಿಕ್ಕದು. ನಿಮ್ಮ ಕೈಲಿಲ್ಲ ಅದು, ತಲೆಯೊಳಗಿನ ಆ ಗಾಯದಲ್ಲಿದೆ."

"ಬಾಯ್ಮುಚ್ಚು!" ಎಂದೆ. "ತಿಮ್ಮರಾಯಪ್ಪನಿಗೆ ಫಿಟ್ಸ್ ಬರಲ್ಲ. ಐದು ದಿನ ನಿನ್ ಮಾತ್ರೆ ಬಿಟ್ಟಿದ್ದಕ್ಕೇ ಈ ಕೈ ಎದ್ದಿದ್ದು, ಆಮೇಲೆ ನಾನು ಒಂದೂ ನುಂಗಿಲ್ಲ! ನಿನ್ ಡಾಕ್ಟರಿಗೆ ಹೇಳು. ನಾನು ಸಂಶೋಧನೆ ಬಿಟ್ಟೆ. ಯಾವಾಗ ಬೇಕಾದ್ರೂ ಬಿಡಬೋದು ಅಂದಿದ್ರಲ್ಲ, ಬಿಟ್ಟೆ!"

"ಬಿಡಿ. ಯಾರೂ ಬೇಡ ಅನ್ನಲ್ಲ." ಅವಳ ದನಿಯೂ ಏರಿತು. "ಆದ್ರೆ ಇಷ್ಟು ದಿನ ಬರೆದಿದ್ದೀರಲ್ಲ, ಮಾತ್ರೆ ನುಂಗಿದೆ, ಅದುರು ಬರಲಿಲ್ಲ ಅಂತ? ಎರಡೂ ಸುಳ್ಳು. ನಾಳೆ ಇನ್ಯಾರಿಗೋ ಲಕ್ವ ಹೊಡೆದು ಬರ್ತಾನೆ. ಅವನಿಗೆ ಮಾತ್ರೆ ಕೊಡಬೇಕಾ ಬೇಡವಾ ಅಂತ ಡಾಕ್ಟರು ಇಂಥ ಡೈರಿಗಳನ್ನ ಒಟ್ಟು ಹಾಕಿ ನೋಡ್ತಾರೆ. ನಿಮ್ಮ ಸುಳ್ಳನ್ನ ಅವನು ನುಂಗಬೇಕು. ನಿಮ್ಮ ಬಾಟಲೀಲಿ ಏನಿತ್ತೋ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಐದು ದಿನ ಬಿಟ್ಟಾಗ ಅದುರು ಬಂತು ಅಂದ್ರೆ, ಬರೋ ಹೊತ್ತಿಗೆ ಬಂದಿರಬಹುದು."

ನಾನು ಮಾರುತ್ತರ ಕೊಡುವಷ್ಟರಲ್ಲಿ ಚನ್ನಮಲ್ಲಮ್ಮನ ಫೋನು ಹೊಡೆದುಕೊಂಡಿತು. ಅವಳು ಕಿವಿಗಿಟ್ಟು ಕೇಳಿ, ಕೆಳಗಿಳಿಸಿದಳು. ಹಣ್ಣಿನ ತಟ್ಟೆಯನ್ನು ಜಗಲಿಯ ಮೇಲಿಟ್ಟಳು. ಅವಳ ಮುಖದಲ್ಲಿ ನೆನ್ನೆಯ ಭಕ್ತಿ ಇರಲಿಲ್ಲ. ಸಂತೆಯಲ್ಲಿ ಕುರಿಯ ಹಲ್ಲು ನೋಡುವವಳ ಕಣ್ಣು ಇತ್ತು.

"ಲಾರಿ ಶಿರಾ ಬಿಟ್ಟೈತಂತೆ, ತಿಮ್ಮರಾಯಣ್ಣ. ಈ ಮಗು ಹೇಳೋದು ನನಗೆ ಪೂರ್ತಿ ಅರ್ಥ ಆಗಲಿಲ್ಲ. ನನಗೆ ಬೇಕಾಗಿರೋದು ಒಂದೇ ಮಾತು. ನೆನ್ನೆ ನೀನು ಬಿದ್ದ ಕಡೆ ನೀರೈತಾ? ಐತೆ ಅನ್ನು, ಹೋಗಿ ಕೊರೆಸ್ತೀನಿ."

ಐತೆ ಎಂದುಬಿಡಬಹುದಿತ್ತು. ಮೂವತ್ತು ವರ್ಷ ಅಂದಿದ್ದೇನೆ, ಇನ್ನೊಂದು ಸಲಕ್ಕೆ ನಾಲಿಗೆ ಸವೆಯುತ್ತಿರಲಿಲ್ಲ. ನೀರು ಬಂದರೆ ನಾನು ದೇವರು, ಬರದಿದ್ದರೆ ಅವಳ ಹಣೆಬರಹ. ಹೇಳಲು ಬಾಯಿ ತೆರೆದೆ. ಕಚ್ಚಿಕೊಂಡ ನಾಲಿಗೆ ಹಲ್ಲಿಗೆ ತಾಗಿ ಚುರ್ ಎಂದಿತು. ಹನುಮಕ್ಕ ಬಾಗಿಲು ಬಿಟ್ಟು ಕದಲದೆ ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದಳು. ನಾನು ಮಾತು ಕಳೆದುಕೊಂಡಿದ್ದ ಮೂರು ದಿನವೂ ಅವಳು ಹೀಗೇ ನಿಂತಿದ್ದಳಂತೆ.

"ನಿಲ್ಲಿಸು ಲಾರಿನ" ಎಂದೆ.

"ಅಂದ್ರೆ?"

"ಅಂದ್ರೆ ನನಗೆ ಗೊತ್ತಿಲ್ಲ ಕಣಮ್ಮ! ನಿನ್ನ ಹೊಲದಲ್ಲಿ ನೀರೈತೋ ಕಲ್ಲೈತೋ ನನಗೆ ಗೊತ್ತಿಲ್ಲ. ನಾನು ಬಿದ್ದಿದ್ದು ಗಂಗಮ್ಮ ಬಂದಲ್ಲ, ಫಿಟ್ಸ್ ಬಂದು. ಭೂವಿಜ್ಞಾನದೋರು ಯಂತ್ರ ಇಟ್ಟು ನೋಡ್ತಾರೆ, ಅವರನ್ನ ಕರ್ಸು. ಅವರೂ ತಪ್ಪಬೋದು, ಆದ್ರೆ ಬಿದ್ದು ಒದ್ದಾಡಿದ ಕಡೆ ಕಲ್ಲು ನೆಡಲ್ಲ."

ಚನ್ನಮಲ್ಲಮ್ಮ, "ಥೂ ನಿನ್ನ! ಆ ಪಂಚೆಗೆ ಕೈ ಮುಗಿದ್ನಲ್ಲೋ ನಾನು!" ಎಂದು ಕೂಗಿ, ಫೋನು ಹಿಡಿದು ಲಾರಿಯವನಿಗೆ ಬೈಯುತ್ತಾ ಅಂಗಳಕ್ಕಿಳಿದಳು. ಲಾರಿಯವನು ಏನು ತಪ್ಪು ಮಾಡಿದ್ದನೋ ಪಾಪ.

"ಹೌದು, ಫಿಟ್ಸು!" ಎಂದು ನಾನು ಜಗಲಿಯ ಮೇಲೆ ಎದ್ದು ನಿಂತೆ. ಬೀದಿಯಲ್ಲಿ ಹೋಗುತ್ತಿದ್ದ ಬೊಮ್ಮಪ್ಪನಿಗೂ ಕೇಳಲಿ ಎಂದು ಇನ್ನೂ ಜೋರಾಗಿ ಕೂಗಿದೆ. "ತಿಮ್ಮರಾಯಪ್ಪನಿಗೆ ಫಿಟ್ಸು ಕಣ್ರಲಾ! ಮಾತ್ರೆ ನುಂಗ್ತೀನಿ, ಓಡಾಡ್ತೀನಿ. ಯಾವನಾದ್ರೂ ಚಪ್ಪಲಿ ಮೂಸ್ಸೋಕೆ ಬಂದ್ರೆ ಅದೇ ಚಪ್ಪಲೀಲಿ ಬಾರಿಸ್ತೀನಿ!" ಭವ್ಯ ಕಡೆ ತಿರುಗಿದೆ. "ಪುಟ ಹರಿದಾಕ್ಬೇಡ. ಎಲ್ಲಾ ಬರ್ಕೋ. ನಿನ್ ಡಾಕ್ಟರು ಹರೀತಾರಾ?"

"ಒಂದು ಪುಟಾನೂ ಹರಿಯಲ್ಲ ತಾತ. ನುಂಗಲಿಲ್ಲ ಅನ್ನೋದೂ ಬರೀತೀವಿ, ಮುಚ್ಚಿಟ್ಟಿದ್ರು ಅನ್ನೋದೂ ಬರೀತೀವಿ. ಇವತ್ತು ನನ್ ಜೊತೆ ಆಸ್ಪತ್ರೆಗೆ ಬನ್ನಿ. ಇನ್ಮೇಲೆ ನಿಮಗೆ ಇಂಥದ್ದೇ ಅಂತ ಹೆಸರಿರೋ ಮಾತ್ರೆ ಕೊಡ್ತಾರೆ."

ಹನುಮಕ್ಕ ಒಳಗಿನಿಂದ ಒಗೆದ ಪಂಚೆ ತಂದುಕೊಟ್ಟಳು. ಭವ್ಯ ಡೈರಿ ಬಿಡಿಸಿ ಹಿಡಿದಳು, ನಾನು ಎಡಗೈಯಲ್ಲಿ ಸೊಟ್ಟಸೊಟ್ಟಗೆ ಬರೆದೆ. ನೆನಪಿದ್ದಷ್ಟು ತಾರೀಕು ನಾನು ಹಾಕಿದೆ, ನೆನಪಿಲ್ಲದ್ದನ್ನು ಹನುಮಕ್ಕ ಸಾರು ಚೆಲ್ಲಿದ ದಿನಗಳ ಲೆಕ್ಕದಲ್ಲಿ ಹೇಳಿದಳು.

ನಿಮಗೂ ಹೇಳಿಬಿಡುತ್ತೇನೆ, ಇನ್ನು ಮುಚ್ಚಿಟ್ಟು ಏನಾಗಬೇಕು. ಲಕ್ವ ಹೊಡೆದ ಮೇಲೆ ನಾನು ತೋರಿಸಿದ್ದು ಹದಿನಾಲ್ಕು ಜಾಗ. ನೀರು ಬಂದದ್ದು ಐದರಲ್ಲಿ. ಅದಕ್ಕೂ ಮುಂಚಿನ ಮೂವತ್ತು ವರ್ಷ ಕಾಯಿ ಎದ್ದು ನಿಂತದ್ದು ನನ್ನ ಹೆಬ್ಬೆಟ್ಟಿನ ಕೈಚಳಕ. ಗಂಗಮ್ಮ ನನ್ನ ಕೈಗೆ ಯಾವತ್ತೂ ಬಂದಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಮದುವೆಮನೆಯಲ್ಲಿ ಕೈ ಮೊದಲ ಸಲ ಅದುರಿದಾಗಲೂ ನನಗೆ ನೀರಿನ ನೆನಪಾಗಲಿಲ್ಲ. ಎರಡು ತಿಂಗಳು ಸತ್ತು ಬಿದ್ದಿದ್ದ ಕೈ ಅಲ್ಲಾಡಿತಲ್ಲ, ಬದುಕಿದೆಯಲ್ಲ ಎಂದು ಅಳು ಬಂದಿತ್ತು, ಅಷ್ಟೆ. ಅದು ಕಾಯಿಲೆ ಎಂದು ಒಪ್ಪಿಕೊಂಡು ಮಾತ್ರೆ ನುಂಗಿದರೆ ಕೈ ಮತ್ತೆ ಸಾಯುತ್ತದೆ ಎಂದು ಹೆದರಿದ್ದೆ.